ಹೆಸರು ಮುಚ್ಚಿದರೂ ಗುರುತು ಸಿಗಬೇಕು: ದನಕರುಗಳ ಔಷಧಿಗೆ ಎಂಥ ಜಾಹೀರಾತು ಆರಿಸಬೇಕು?

"ಒಳ್ಳೆ ಹಸುವಿನ ಫೋಟೋ ಹಾಕೋಣವಾ, ಇಲ್ಲ ಡಾಕ್ಟರ್ ಕೈಲಿ ಹೇಳಿಸೋಣವಾ?" ದನಕರುಗಳ ಔಷಧಿ, ಖನಿಜ ಮಿಶ್ರಣ, ಕೆಚ್ಚಲಿನ ದ್ರಾವಣ ಮಾಡುವವರು ಮೊದಲು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಕೈಯಲ್ಲಿ ಒಂದಷ್ಟು ದುಡ್ಡಿರುತ್ತದೆ. ಉತ್ಪನ್ನದ ಮೇಲೆ ನಂಬಿಕೆಯೂ ಇರುತ್ತದೆ. ಎದುರಿಗೆ ನಾಲ್ಕೈದು ದಾರಿಗಳಿರುತ್ತವೆ, ಯಾವುದನ್ನು ಹಿಡಿಯಬೇಕು ಅಂತ ತೋಚುವುದಿಲ್ಲ. ಈ ದಾರಿಗಳನ್ನೆಲ್ಲ ಒಂದೊಂದಾಗಿ ಬಳಸಿ ನೋಡಿದವನಾಗಿ, ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಆರಿಸುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪೈಪೋಟಿಯವರ ಐದಾರು ಜಾಹೀರಾತುಗಳನ್ನು ಮೇಜಿನ ಮೇಲೆ ಹರಡಿ. ನಿಮ್ಮದನ್ನೂ ನಡುವೆ ಇಡಿ. ಎಲ್ಲದರ ಹೆಸರಿನ ಮೇಲೂ ಕಾಗದದ ಚೂರು ಅಂಟಿಸಿ. ದನ ಸಾಕುವ ಯಾರನ್ನಾದರೂ ಕರೆದು, ಯಾವುದು ಯಾರದ್ದು ಅಂತ ಕೇಳಿ. ನಾನು ಇದನ್ನು ಮಾಡಿದಾಗಲೆಲ್ಲ ಸಿಗುವ ಉತ್ತರ ಒಂದೇ: "ಎಲ್ಲಾ ಒಂದೇ ಥರ ಇದೆಯಲ್ಲ!" ಹಸಿರು ಹುಲ್ಲು, ಮೈ ಹೊಳೆಯುವ ಹಸು, ತುಂಬಿ ಸುರಿಯುವ ಹಾಲು, ಬಿಳಿ ಕೋಟಿನ ಒಬ್ಬರು. ಯಾರ ಹೆಸರು ಹಾಕಿದರೂ ನಡೆಯುತ್ತದೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಜಂತುಹುಳುವಿನ ಮದ್ದಾದ ಐವರ್ಮೆಕ್ಟಿನ್ ಅನ್ನೇ ತೆಗೆದುಕೊಳ್ಳಿ. ಜಪಾನಿನ ಸತೋಶಿ ಓಮುರಾ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ಶುರುವಾದ ಕೆಲಸವದು. ವಿಲಿಯಂ ಕ್ಯಾಂಪ್‌ಬೆಲ್ ಅದನ್ನು ಮುಂದಕ್ಕೆ ಒಯ್ದರು. 1981ರಲ್ಲಿ ಅದು ಪ್ರಾಣಿಗಳ ಔಷಧಿಯಾಗಿಯೇ ಮಾರುಕಟ್ಟೆಗೆ ಬಂತು. 2015ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಪೇಟೆಂಟ್ ಮುಗಿದ ಮೇಲೆ ಅದೇ ಮದ್ದನ್ನು ಎಷ್ಟೋ ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ಮಾರುತ್ತಿವೆ. ಸೀಸೆಯ ಒಳಗಿನದು ಒಂದೇ ಆದಾಗ, ಹೊರಗಿನ ಗುರುತೂ ಒಂದೇ ಆಗಿಬಿಟ್ಟರೆ ಕೊಳ್ಳುವವರಿಗೆ ಉಳಿಯುವುದು ಬೆಲೆ ಮಾತ್ರ. ಆಗ ಯಾರು ಕಡಿಮೆಗೆ ಕೊಡುತ್ತಾರೋ ಅವರದ್ದೇ ಗೆಲುವು.

ಮೊದಲು ಅಳತೆಗೋಲು

ಯಾವ ದಾರಿಯನ್ನೇ ತೂಗಿ ನೋಡಿದರೂ ನಾನು ಐದು ಪ್ರಶ್ನೆ ಕೇಳುತ್ತೇನೆ.

ಒಂದನೆಯದು, ಲೇಬಲ್ ಏನು ಹೇಳಲು ಬಿಡುತ್ತದೆ? ಇದನ್ನು ಕೊನೆಗೆ ನೋಡಿದವರು ಅಚ್ಚಾದ ಕಾಗದವನ್ನೆಲ್ಲ ಎಸೆಯಬೇಕಾಗುತ್ತದೆ. ಕರಾವು ಮುಗಿದ ಮೇಲೆ ತೊಟ್ಟು ಅದ್ದುವ ದ್ರಾವಣ ಹೊಸ ಸೋಂಕನ್ನು ತಡೆಯುತ್ತದೆ. ಕೆಚ್ಚಲೊಳಗೆ ಆಗಲೇ ಸೇರಿರುವ ಸೋಂಕನ್ನು ಅದು ತೆಗೆಯುವುದಿಲ್ಲ. ಹಾಗಾಗಿ 'ಕೆಚ್ಚಲು ಬಾವು ಗುಣವಾಗುತ್ತದೆ' ಅಂತ ಬರೆದರೆ ಅದು ಸುಳ್ಳು. ಕಾಲುಬಾಯಿ ಜ್ವರದ ವೈರಸ್ಸಿನಲ್ಲಿ 7 ಬಗೆಗಳಿವೆ. ಒಂದು ಬಗೆಗೆ ಹಾಕಿದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಅಲ್ಲಿ 'ಪೂರ್ಣ ರಕ್ಷಣೆ' ಅನ್ನುವ ಪದಕ್ಕೆ ಜಾಗವೇ ಇಲ್ಲ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು, ಮಾಂಸ ಬಳಸಬಾರದು ಅನ್ನುವುದು ಲೇಬಲ್ಲಿನಲ್ಲಿದ್ದರೆ ಜಾಹೀರಾತಿನಲ್ಲೂ ಇರಲಿ. ಅದನ್ನು ಮರೆಮಾಡಿ ಗಳಿಸಿದ ಗಿರಾಕಿ, ಔಷಧಿಯ ಅಂಶ ಇದೆ ಅಂತ ಹಾಲು ವಾಪಸ್ ಬಂದ ದಿನವೇ ಕೈಬಿಡುತ್ತಾರೆ.

ಕಾನೂನನ್ನೂ ಈ ಹಂತದಲ್ಲೇ ನೋಡಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ವೈದ್ಯರ ಚೀಟಿ ಬೇಕಾದ ಪಶು ಔಷಧಿಯನ್ನು ಪಶುವೈದ್ಯರಿಗೆ ಮತ್ತು ಔಷಧಿ ಕೊಡಲು ಪರವಾನಗಿ ಇರುವವರಿಗೆ ಮಾತ್ರ ಜಾಹೀರಾತು ಮಾಡಬಹುದು. ವೃತ್ತಿಯಾಗಿ ಪ್ರಾಣಿ ಸಾಕುವವರಿಗೆ ಲಸಿಕೆಯಂಥವುಗಳ ಜಾಹೀರಾತನ್ನು ಸದಸ್ಯ ದೇಶಗಳು ಬಿಡಬಹುದು, ಆದರೆ ವೈದ್ಯರನ್ನು ಕೇಳಿ ಅನ್ನುವ ಮಾತು ಅದರಲ್ಲಿ ಇರಲೇಬೇಕು. ಬೇರೆ ಕಡೆ ಬೇರೆ ನಿಯಮ ಇರುತ್ತದೆ. ನಿಮ್ಮ ಉತ್ಪನ್ನ ಯಾವ ಗುಂಪಿಗೆ ಸೇರುತ್ತದೆ ಅನ್ನುವುದೇ ಎಷ್ಟೋ ದಾರಿಗಳನ್ನು ಮೊದಲೇ ಮುಚ್ಚಿಬಿಡುತ್ತದೆ.

ಎರಡನೆಯದು, ತೀರ್ಮಾನ ಯಾರದು? ದುಡ್ಡು ಕೊಡುವವರು ಒಬ್ಬರು, ದಿನಾ ಕೊಟ್ಟಿಗೆಯಲ್ಲಿ ಕೈ ಆಡಿಸುವವರು ಇನ್ನೊಬ್ಬರು, ಹೆಸರು ಬರೆದುಕೊಡುವ ವೈದ್ಯರು ಮತ್ತೊಬ್ಬರು, 'ಅದಿಲ್ಲ, ಇದು ತಗೊಳ್ಳಿ' ಅನ್ನುವ ಅಂಗಡಿಯವರು ಇನ್ನೂ ಒಬ್ಬರು. ಒಂದೇ ಜಾಹೀರಾತು ನಾಲ್ವರನ್ನೂ ಒಪ್ಪಿಸುವುದಿಲ್ಲ.

ಮೂರನೆಯದು, ಫಲ ಕಣ್ಣಿಗೆ ಕಾಣುತ್ತದಾ? ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿಯ ಔಷಧಿ ಹಾಕಿದರೆ ಉಣ್ಣಿ ಉದುರುತ್ತದೆ, ಕಾಣುತ್ತದೆ. ಲಸಿಕೆ ಹಾಕಿದರೆ ರೋಗ ಬರಲಿಲ್ಲ, ಅಷ್ಟೇ. ಏನೂ ಆಗದಿರುವುದೇ ಅದರ ಗೆಲುವು. ಏನೂ ಆಗದ್ದನ್ನು ಫೋಟೋ ತೆಗೆಯುವುದು ಹೇಗೆ?

ನಾಲ್ಕನೆಯದು, ಇದು ಎಷ್ಟು ವರ್ಷ ಓಡುತ್ತದೆ? ಪ್ರತಿ ವರ್ಷ ಹೊಸ ಚಿತ್ರ, ಹೊಸ ಸಾಲು ಬೇಕಾಗುವ ದಾರಿ ಮೊದಲಿಗೆ ಅಗ್ಗ, ಆಮೇಲೆ ದುಬಾರಿ.

ಐದನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಪ್ರಾಣಿ ಸಾಕುವವರ ದಿನದಲ್ಲಿ ಯಾವ ಗಳಿಗೆ ನಿಮ್ಮದು? ತೊಟ್ಟು ಅದ್ದುವ ದ್ರಾವಣಕ್ಕೆ ಕರಾವು ಮುಗಿದ ಮೇಲಿನ ಅರ್ಧ ಗಂಟೆ. ಆ ಹೊತ್ತಿಗೆ ತೊಟ್ಟಿನ ತುದಿ ಇನ್ನೂ ಸರಿಯಾಗಿ ಮುಚ್ಚಿರುವುದಿಲ್ಲ. ಅದಕ್ಕೇ ತಿಳಿದವರು ಹಸು ಮಲಗದ ಹಾಗೆ ಮುಂದೆ ಮೇವು ಹಾಕುತ್ತಾರೆ. ಕ್ಯಾಲ್ಸಿಯಂ ಉತ್ಪನ್ನಕ್ಕೆ ಕರು ಹಾಕಿದ ಮೊದಲ 2-3 ದಿನ, ಕ್ಯಾಲ್ಸಿಯಂ ಕೊರತೆಯ ಹಾಲು ಜ್ವರ ಹೆಚ್ಚಾಗಿ ಬರುವುದೇ ಆಗ. ಉಣ್ಣಿಯ ಔಷಧಿಗೆ ಕಿವಿಯ ಹಿಂದೆ, ಗಂಗೆದೊಗಲಿನ ಕೆಳಗೆ ಕೈ ಆಡಿಸಿದಾಗ ಬೆರಳಿಗೆ ಗಂಟು ಸಿಗುವ ಕ್ಷಣ. ಈ ಗಳಿಗೆಯನ್ನು ನೀವು ಹಿಡಿದರೆ ಪೈಪೋಟಿಯವರ ಹುಲ್ಲುಗಾವಲು ನಿಮಗೆ ಅಡ್ಡ ಬರುವುದಿಲ್ಲ. ಆ ಗಳಿಗೆ ಬಂದಾಗ ಜನಕ್ಕೆ ನಿಮ್ಮ ನೆನಪು ತಾನಾಗಿ ಬರುತ್ತದೆ.

ಈಗ ದಾರಿಗಳನ್ನು ನೋಡೋಣ.

ರೋಗ ತೋರಿಸಿ ಹೆದರಿಸುವುದು

ಊದಿದ ಕೆಚ್ಚಲು, ನೆಲ ಹಿಡಿದ ಹಸು, ಸೊರಗಿದ ಕರು. ಕಣ್ಣು ತಕ್ಷಣ ನಿಲ್ಲುತ್ತದೆ, ನಿಜ. ಖರ್ಚೂ ಕಡಿಮೆ. ಒಂದು ಫೋಟೋ ಸಾಕು. ಹೊಸ ರೋಗ ಹರಡುತ್ತಿದ್ದು ಜನ ಲಕ್ಷಣ ಗುರುತಿಸಲೇಬೇಕಾದ ಸಮಯದಲ್ಲಿ ಇದು ಕೆಲಸಕ್ಕೂ ಬರುತ್ತದೆ.

ಆದರೆ ಗುರುತಿನ ವಿಷಯದಲ್ಲಿ ಇದು ಸೋಲುತ್ತದೆ. ರೋಗದ ಚಿತ್ರ ಯಾರ ಸ್ವತ್ತೂ ಅಲ್ಲ. ಜನಕ್ಕೆ ರೋಗ ನೆನಪಿರುತ್ತದೆ, ಔಷಧಿಯ ಹೆಸರಲ್ಲ. ಇನ್ನೊಂದು ಮಾತು. ಪ್ರಾಣಿ ಕಳೆದುಕೊಂಡವರಿಗೆ ಆ ಚಿತ್ರ ನೋಡಿದರೆ ಹೊಟ್ಟೆ ಕಲಸುತ್ತದೆ. ಆ ನೋವಿನ ಪಕ್ಕದಲ್ಲಿ ನಿಮ್ಮ ಹೆಸರು ಬೇಕಾ? ಹೆದರಿಕೆ ತೋರಿಸಲೇಬೇಕು ಅನ್ನಿಸಿದರೆ, ಜೊತೆಗೆ ಇವತ್ತೇ ಮಾಡಬಹುದಾದ ಒಂದು ಸಣ್ಣ ಕೆಲಸವನ್ನೂ ಹೇಳಿ. ದಾರಿ ತೋರಿಸದೆ ಹೆದರಿಸಿದರೆ ಜನ ಪುಟ ತಿರುಗಿಸುತ್ತಾರೆ.

ಮೊದಲು ಹೀಗಿತ್ತು, ಈಗ ಹೀಗಿದೆ

ಎರಡು ಫೋಟೋ ಪಕ್ಕಪಕ್ಕ ಇಡುವ ದಾರಿ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಪ್ರಾಣಿಗೆ ಔಷಧಿ ಕೊಡುವುದು ಅದು ತೀರಾ ಸೊರಗಿದಾಗ. ಅಲ್ಲಿಂದ ಎಷ್ಟೋ ಪ್ರಾಣಿಗಳು ಮೇವು ಬದಲಾದರೂ, ಕಾಲ ಬದಲಾದರೂ, ಸುಮ್ನೆ ಬಿಟ್ಟರೂ ಮೈ ತುಂಬಿಕೊಳ್ಳುತ್ತವೆ. ಎರಡು ಫೋಟೋಗಳ ನಡುವೆ ಆದದ್ದೆಲ್ಲ ಔಷಧಿಯಿಂದಲೇ ಅನ್ನಲು ಅವು ಸಾಕ್ಷಿಯಾಗುವುದಿಲ್ಲ. ದನ ಸಾಕುವವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ನಷ್ಟದ ಲೆಕ್ಕ

ಫಲ ಕಾಣದ ಉತ್ಪನ್ನಕ್ಕೆ ಇದು ಒಳ್ಳೆ ದಾರಿ. ಹೊರಗೆ ಕಾಣದ ಕೆಚ್ಚಲು ಬಾವಿನಲ್ಲಿ ಕೆಚ್ಚಲು ಊದುವುದಿಲ್ಲ, ಹಾಲಿನ ಬಣ್ಣ ಬದಲಾಗುವುದಿಲ್ಲ, ಆದರೆ ಹಾಲು ಇಳಿಯುತ್ತದೆ. ಮಾಲೀಕರಿಗೆ ಇದು ಗೊತ್ತಾಗುವುದು ಲೆಕ್ಕದಲ್ಲಿ ಮಾತ್ರ.

ಹೆಚ್ಚಿನವರು ತಪ್ಪುವುದು ಎಲ್ಲಿ ಅಂದರೆ, ತಾವೇ ಒಂದು ದೊಡ್ಡ ಅಂಕಿ ಬರೆದುಬಿಡುತ್ತಾರೆ. ಓದುವವರು ಅದನ್ನು ನಂಬುವುದಿಲ್ಲ, ಯಾಕೆಂದರೆ ಅದು ಅವರ ಹಸುವಿನ ಲೆಕ್ಕ ಅಲ್ಲ. ಜಾಗವನ್ನು ಖಾಲಿ ಬಿಡಿ. ದಿನಕ್ಕೆ ಎಷ್ಟು ಲೀಟರ್, ಎಷ್ಟು ಇಳಿದಿದೆ, ಎಷ್ಟು ದಿನ, ಲೀಟರಿಗೆ ಎಷ್ಟು. ನಾಲ್ಕು ಖಾಲಿ ಚೌಕ, ಕೆಳಗೆ ಒಂದು ಗುಣಾಕಾರ. ಪೆನ್ಸಿಲ್ ಹಿಡಿದು ತುಂಬಿದವರಿಗೆ ಬಂದ ಉತ್ತರ ಅವರದ್ದೇ, ಅದರ ಜೊತೆ ಜಗಳ ಆಡಲು ಆಗುವುದಿಲ್ಲ. ನೋಡಲು ಕೂಡ ಬೇರೆ ಥರ ಇರುತ್ತದೆ. ಬಣ್ಣ ಬಣ್ಣದ ಹಸುಗಳ ನಡುವೆ ಖಾಲಿ ಚೌಕಗಳಿರುವ ಒಂದು ಹಾಳೆ.

ಇದರ ಮಿತಿ ಏನೆಂದರೆ, ಹಾಲಿನ ಲೆಕ್ಕ ಬರೆದಿಡುವವರಿಗಷ್ಟೇ ಇದು ತಟ್ಟುತ್ತದೆ. ಒಂದೆರಡು ಪ್ರಾಣಿ ಸಾಕಿ ಮನೆಗೆ ಸಾಕಾಗುವಷ್ಟು ಹಾಲು ಕರೆಯುವವರಿಗೆ ಅದು ಬೇಸರ ತರಿಸುತ್ತದೆ. ಆಡು, ಕುರಿಯವರಿಗೆ ಲೀಟರ್ ಬದಲು ತೂಕದ ಲೆಕ್ಕ ಬೇಕು.

ಸಾಕುವವರ ಬಾಯಿಂದ

ಪಕ್ಕದವರು ಹೇಳಿದ್ದನ್ನು ನಂಬಿದಷ್ಟು ಕಂಪನಿ ಹೇಳಿದ್ದನ್ನು ಯಾರೂ ನಂಬುವುದಿಲ್ಲ. ಅದಕ್ಕೇ ಈ ದಾರಿ ಎಲ್ಲರಿಗೂ ಇಷ್ಟ. ಎಲ್ಲರಿಗೂ ಇಷ್ಟವಾದ್ದರಿಂದಲೇ ಎಲ್ಲರದ್ದೂ ಒಂದೇ ಥರ ಆಗಿದೆ. 'ಇದನ್ನು ಬಳಸಿದ ಮೇಲೆ ನನ್ನ ಆದಾಯ ಹೆಚ್ಚಾಯಿತು' ಅಂತ ಕ್ಯಾಮೆರಾ ನೋಡಿ ಹೇಳುವ ಒಬ್ಬರು.

ಹೀಗೆ ಯಾರಾದರೂ ನಿಜವಾಗಿ ಮಾತಾಡುತ್ತಾರಾ? ಇಲ್ಲ. ಅವರ ಮಾತು ಬೇರೆ. 'ಮೇವಿಗೆ ಬಾಯಿ ಹಾಕ್ತು.' 'ರೋಮ ನುಣುಪಾಯ್ತು.' 'ಸಗಣಿ ಗಟ್ಟಿ ಬಂತು.' 'ಎದ್ದು ನಿಂತ್ಕೊಂಡ್ತು.' ಪ್ರಾಣಿ ಚೇತರಿಸಿಕೊಂಡಿದೆ ಅನ್ನುವುದಕ್ಕೆ ಅವರು ನೋಡುವ ಗುರುತುಗಳು ಇವೇ. ಬರೆದುಕೊಟ್ಟ ಸಾಲನ್ನು ಓದಿಸಬೇಡಿ. ಕೊಟ್ಟಿಗೆಯಲ್ಲೇ ಕೂತು ಒಂದು ಗಂಟೆ ಮಾತಾಡಿಸಿ, ಅವರು ಕೆಲಸ ಮಾಡುತ್ತಲೇ ಮಾತಾಡಲಿ. ಆ ಒಂದು ಗಂಟೆಯಲ್ಲಿ ಸಿಗುವ ಮೂರು ಪದಗಳು, ನೀವು ಒಂದು ವಾರ ಕೂತು ಬರೆದ ಸಾಲಿಗಿಂತ ಮೇಲು. ಅವರಿಗೆ ದುಡ್ಡು ಅಥವಾ ಉಚಿತ ಸರಕು ಕೊಟ್ಟಿದ್ದರೆ ಅದನ್ನೂ ಹೇಳಿಬಿಡಿ.

ಎಲ್ಲರೂ ಮಾಡುವುದನ್ನು ಬೇರೆ ಮಾಡಲು ನನಗೆ ಗೊತ್ತಿರುವ ಒಂದೇ ಉಪಾಯ ಇದು: ಒಬ್ಬರನ್ನೇ ಹಿಡಿದು ವರ್ಷಗಟ್ಟಲೆ ಅವರ ಜೊತೆ ಹೋಗಿ. ಒಂದೇ ಕೊಟ್ಟಿಗೆ, ಅದೇ ಹಸು, ಈ ವರ್ಷ ಅದರ ಕರು, ಮುಂದಿನ ವರ್ಷ ಆ ಕರು ಬೆಳೆದು ಹೈನಾಗುವುದು. ಕಷ್ಟದ ತಿಂಗಳನ್ನೂ ತೋರಿಸಿ. ಇದಕ್ಕೆ ದುಡ್ಡಿಗಿಂತ ತಾಳ್ಮೆ ಜಾಸ್ತಿ ಬೇಕು. ಆ ಒಬ್ಬರು ಸಾಕುವುದನ್ನು ಬಿಟ್ಟರೆ ಕಥೆಯೂ ನಿಲ್ಲುತ್ತದೆ, ಆ ಅಪಾಯ ಇದ್ದೇ ಇದೆ.

ವೈದ್ಯರ ಮಾತು

ವೈದ್ಯರ ಚೀಟಿ ಬೇಕಾದ ಔಷಧಿಗೆ ಬೇರೆ ದಾರಿ ಇಲ್ಲ. ಅಲ್ಲಿ ನಿಮ್ಮ ಓದುಗರೇ ವೈದ್ಯರು. ಅವರಿಗೆ ಹೊಳೆಯುವ ಹಸು ಬೇಡ, ಯಾವ ಪ್ರಾಣಿ, ಎಷ್ಟು ಪ್ರಮಾಣ, ಯಾವ ಸೋಂಕಿಗೆ ಕೆಲಸ ಮಾಡುತ್ತದೆ, ಯಾವುದಕ್ಕೆ ಮಾಡುವುದಿಲ್ಲ ಅನ್ನುವುದು ಬೇಕು. 'ಯಾವುದಕ್ಕೆ ಮಾಡುವುದಿಲ್ಲ' ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಹೇಳುವ ಜಾಹೀರಾತನ್ನು ನಾನು ನೋಡಿದ್ದು ತೀರಾ ಕಡಿಮೆ. ಹಾಗೆ ಹೇಳಿದರೆ ಅದೇ ನಿಮ್ಮ ಗುರುತಾಗುತ್ತದೆ, ವೈದ್ಯರ ನಂಬಿಕೆಯೂ ಸಿಗುತ್ತದೆ.

ಸಾಕುವವರಿಗೇ ನೇರವಾಗಿ ಮಾರುವ ಖನಿಜ ಮಿಶ್ರಣದಂಥ ಉತ್ಪನ್ನಕ್ಕೆ ಬಿಳಿ ಕೋಟಿನವರನ್ನು ನಿಲ್ಲಿಸುವುದು ಬೇರೆ ಮಾತು. ನಟನಿಗೆ ಕೋಟು ಹಾಕಿಸುವುದು ಮೋಸ. ನಿಜವಾದ ವೈದ್ಯರಾದರೂ, ಮಾರಾಟಕ್ಕೆ ನಿಲ್ಲಬಹುದೇ ಅನ್ನುವ ವೃತ್ತಿ ನಿಯಮಗಳು ಅವರಿಗಿರುತ್ತವೆ, ಮೊದಲೇ ಕೇಳಿ ತಿಳಿದುಕೊಳ್ಳಿ.

ಕಣ್ಣೆದುರೇ ಮಾಡಿ ತೋರಿಸುವುದು

ನನಗೆ ತುಂಬ ಇಷ್ಟವಾದ ದಾರಿ. ಕಾಣದ್ದನ್ನು ಕಾಣಿಸುವ ದಾರಿ.

ಕೆಚ್ಚಲು ಬಾವನ್ನು ಪತ್ತೆ ಮಾಡಲು 1957ರಲ್ಲಿ ಬಂದ ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಪರೀಕ್ಷೆ ಇದಕ್ಕೆ ಒಳ್ಳೆ ಪಾಠ. ನಾಲ್ಕು ಬಟ್ಟಲಿನ ಒಂದು ಹಿಡಿಕೆ ತಟ್ಟೆ. ನಾಲ್ಕು ತೊಟ್ಟಿನಿಂದ ಒಂದೊಂದು ಬಟ್ಟಲಿಗೆ ಸ್ವಲ್ಪ ಹಾಲು, ಅಷ್ಟೇ ದ್ರಾವಣ, ಮೆಲ್ಲಗೆ ತಿರುಗಿಸುವುದು. ಸೋಂಕಿದ್ದರೆ ಹಾಲಿನಲ್ಲಿ ಬಿಳಿ ರಕ್ತಕಣ ಜಾಸ್ತಿ ಇರುತ್ತದೆ. ದ್ರಾವಣ ಆ ಕಣಗಳನ್ನು ಒಡೆಯುತ್ತದೆ, ಅವುಗಳ ಡಿಎನ್‌ಎ ಹೊರಬಂದು ಹಾಲು ಲೋಳೆಯಾಗುತ್ತದೆ. ಮೂರು ಬಟ್ಟಲು ನೀರಾಗಿದ್ದು ಒಂದು ಮಾತ್ರ ಗಟ್ಟಿಯಾಗುವುದನ್ನು ನೋಡಿದವರ ಮುಖ ನೋಡಬೇಕು. ಹತ್ತು ಪುಟ ಬರೆದರೂ ಅಷ್ಟು ಮನಸ್ಸಿಗೆ ನಾಟುವುದಿಲ್ಲ.

ನಿಮ್ಮ ಉತ್ಪನ್ನಕ್ಕೂ ಅಂಥ ಒಂದು ಕ್ಷಣ ಇದೆಯಾ ಹುಡುಕಿ. ತೊಟ್ಟಿಗೆ ಹಚ್ಚಿದ ದ್ರಾವಣ ಎಷ್ಟು ಹೊತ್ತು ಹನಿಯಾಗಿ ನಿಲ್ಲುತ್ತದೆ? ಖನಿಜ ಮಿಶ್ರಣ ಮೇವಿನ ಜೊತೆ ಬೆರೆಯುತ್ತದಾ, ಇಲ್ಲ ತಳಕ್ಕೆ ಉದುರುತ್ತದಾ? ಇಂಥದ್ದನ್ನು ಅರ್ಧ ನಿಮಿಷದ ವಿಡಿಯೋದಲ್ಲಿ, ಫೋನಿನಲ್ಲೇ ತೆಗೆಯಬಹುದು. ಖರ್ಚು ಏನೂ ಇಲ್ಲ. ಜನರ ನಡುವೆ ನಿಂತು ಮಾಡಿ ತೋರಿಸುವುದಾದರೆ ಮಾತ್ರ ಆಳು, ಓಡಾಟ ಎಲ್ಲ ಬೇಕು. ಒಂದು ಎಚ್ಚರಿಕೆ ಇದೆ. ತೋರಿಸಿದ್ದು ನಿಜವಾದ ಕೆಲಸಕ್ಕೆ ಸಂಬಂಧಿಸಿರಬೇಕು. ಗಾಜಿನ ಲೋಟದಲ್ಲಿ ಹುಳು ಸತ್ತರೆ ಹೊಟ್ಟೆಯಲ್ಲೂ ಸಾಯುತ್ತದೆ ಅಂತ ಅರ್ಥ ಅಲ್ಲ.

ಕೈಗೆ ಒಂದು ಉಪಯೋಗದ ವಸ್ತು

ಎಸೆಯಲು ಮನಸ್ಸು ಬಾರದ ಜಾಹೀರಾತು ಇದು. ಎದೆಯ ಸುತ್ತಳತೆಯಿಂದ ತೂಕ ಅಂದಾಜು ಮಾಡುವ ಟೇಪು ನೋಡಿರುತ್ತೀರಿ. ಜಂತುಹುಳುವಿನ ಔಷಧಿ ಮಾರುವವರಿಗೆ ಇದಕ್ಕಿಂತ ಹೊಂದುವ ವಸ್ತು ಇನ್ನೊಂದಿಲ್ಲ. ಕಣ್ಣಂದಾಜಿನಲ್ಲಿ ತೂಕ ಕಡಿಮೆ ಹಿಡಿದರೆ ಔಷಧಿ ಕಡಿಮೆ ಬೀಳುತ್ತದೆ, ಸಾಯದೆ ಉಳಿದ ಹುಳುಗಳು ಔಷಧಿಗೆ ಬಗ್ಗದ ಸಂತತಿ ಬೆಳೆಸುತ್ತವೆ. ಟೇಪು ಸರಿಯಾದ ಪ್ರಮಾಣ ಹೇಳುತ್ತದೆ, ನಿಮ್ಮ ಔಷಧಿಯೂ ಹೆಚ್ಚು ವರ್ಷ ಕೆಲಸ ಮಾಡುತ್ತದೆ. ಕಂಬಕ್ಕೋ ಮೊಳೆಗೋ ನೇತುಹಾಕಿದ ಟೇಪಿನ ಮೇಲೆ ನಿಮ್ಮ ಹೆಸರು ದಿನಾ ಕಣ್ಣಿಗೆ ಬೀಳುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಫಮಾಚಾ ಕಾರ್ಡ್ ಇದೇ ಜಾತಿಯ ವಿಚಾರ. ಕುರಿ, ಆಡಿನ ಕಣ್ಣಿನ ಕೆಳರೆಪ್ಪೆ ಎಳೆದು, ಒಳಗಿನ ಬಣ್ಣವನ್ನು ಕಾರ್ಡಿನ 5 ಬಣ್ಣಗಳ ಜೊತೆ ಹೋಲಿಸುವುದು. ಕೆಂಪಗಿದ್ದರೆ ಬಿಡಿ, ಬಿಳಿಚಿದ್ದರೆ ಔಷಧಿ ಕೊಡಿ. ಎಲ್ಲಕ್ಕೂ ಸುಮ್ಮನೆ ಔಷಧಿ ಕುಡಿಸುವುದನ್ನು ಅದು ತಪ್ಪಿಸುತ್ತದೆ. ಆದರೆ ಅದು ಕೆಲಸ ಮಾಡುವುದು ರಕ್ತ ಹೀರುವ ಹುಳುವಿಗೆ ಮಾತ್ರ, ಬಳಸಲು ತರಬೇತಿಯೂ ಬೇಕು. ಅದನ್ನು ನೋಡಿ ದನಗಳಿಗೆ ನೀವೇ ಒಂದು ಬಣ್ಣದ ಕಾರ್ಡು ಅಚ್ಚು ಹಾಕಿಸಿದರೆ ದಾರಿ ತಪ್ಪಿಸಿದಂತೆ. ಸಾಧನ ಕೊಡುವುದಾದರೆ ವೈದ್ಯರ ಕೈಲಿ ಪರೀಕ್ಷೆ ಮಾಡಿಸಿಯೇ ಕೊಡಿ. ತೂಕದ ಟೇಪು ಕೂಡ ತಳಿಗೆ ತಕ್ಕ ಅಳತೆಯದ್ದಾಗಿರಬೇಕು, ಇಲ್ಲದಿದ್ದರೆ ಅದೇ ತಪ್ಪು ಪ್ರಮಾಣ ಹೇಳಿಕೊಡುತ್ತದೆ.

ಒಂದೊಂದು ವಸ್ತುವಿಗೂ ಖರ್ಚಿದೆ, ಎಲ್ಲರಿಗೂ ಹಂಚಲು ಆಗುವುದಿಲ್ಲ. ಆದರೆ ನೂರು ಜನಕ್ಕೆ ಕೊಟ್ಟ ಟೇಪು, ಹತ್ತು ಸಾವಿರ ಜನಕ್ಕೆ ಹಂಚಿದ ಕರಪತ್ರಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ಬಣ್ಣ, ಆಕಾರ, ದನಿ

1933ರಲ್ಲಿ ಜರ್ಮನಿಯ ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ ಒಂದು ವಿಷಯ ತೋರಿಸಿಕೊಟ್ಟರು. ಒಂದೇ ಥರದ ವಸ್ತುಗಳ ಸಾಲಿನಲ್ಲಿ ಬೇರೆಯಾಗಿರುವ ಒಂದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಎಲ್ಲರೂ ಹಸಿರಾದರೆ ನೀವು ಹಸಿರಾಗಬೇಡಿ ಅನ್ನುವುದು ಇದರ ನೇರ ಅರ್ಥ. ಆದರೆ ಬೇರೆಯಾಗಿರುವುದು ಅರ್ಧ ಕೆಲಸ ಮಾತ್ರ. ಬದಲಾಗದೆ ಇರುವುದು ಇನ್ನರ್ಧ.

ಅಮೆರಿಕದ ವರ್ಮಾಂಟ್‌ನ ಬ್ಯಾಗ್ ಬಾಮ್ ಅನ್ನುವ ಕೆಚ್ಚಲಿನ ಮುಲಾಮನ್ನು ನೋಡಿ. 1899ರಿಂದ ಇದೆ. ಚೌಕ ಹಸಿರು ಡಬ್ಬಿ, ಮುಚ್ಚಳದ ಮೇಲೆ ಹಸುವಿನ ಮುಖ, ಸುತ್ತ ಕೆಂಪು ಹೂ. ಡಬ್ಬಿ ನೋಡಿದರೆ ಸಾಕು, ಹೆಸರು ಓದಬೇಕಾಗಿಲ್ಲ. ಹಸುಗಳ ತೊಟ್ಟಿಗೆ ಹಚ್ಚುತ್ತಿದ್ದವರು ತಮ್ಮ ಒಡೆದ ಕೈಗೂ ಹಚ್ಚಿಕೊಳ್ಳಲು ಶುರು ಮಾಡಿದರು. ಅದೇ ಡಬ್ಬಿ ಕೊಟ್ಟಿಗೆಯಿಂದ ಮನೆಯೊಳಗೆ ಬಂತು. ಪ್ರತಿ ಎರಡು ವರ್ಷಕ್ಕೆ ಡಬ್ಬಿಯ ರೂಪ ಬದಲಿಸಿದ್ದರೆ ಆ ಗುರುತು ಉಳಿಯುತ್ತಿತ್ತಾ?

ಬಣ್ಣವನ್ನು ಕಂಪ್ಯೂಟರಿನ ಪರದೆಯಲ್ಲಿ ಆರಿಸಬೇಡಿ. ಬೆಳಗಿನ ಜಾವದ ಮಂದ ಬೆಳಕಿನಲ್ಲಿ, ಧೂಳು ಕೂತ ಸೀಸೆಯ ಮೇಲೆ, ಒದ್ದೆ ಕೈಯಲ್ಲಿ ಹಿಡಿದು ನೋಡಿ. ಬಿಸಿಲಿಗೆ ಒಂದು ತಿಂಗಳು ಇಟ್ಟು ನೋಡಿ. ಓದಲು ಬಾರದವರೂ ಗುರುತಿಸುವ ಆಕಾರ ಇದ್ದರೆ ಇನ್ನೂ ಒಳ್ಳೆಯದು. ಕರೆಯುವ ಹೊತ್ತಿಗೆ ಎರಡೂ ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ ಇರುತ್ತದೆ. ರೇಡಿಯೋದಲ್ಲಿ ಬರುವ ಎರಡು ಸೆಕೆಂಡಿನ ಒಂದೇ ಸದ್ದು, ಹಾಲಿನ ಮೊದಲ ಧಾರೆ ಖಾಲಿ ಬಕೆಟ್ಟಿಗೆ ಬೀಳುವ ಸದ್ದಿನಂಥದ್ದು, ಚಿತ್ರಕ್ಕಿಂತ ಗಟ್ಟಿಯಾಗಿ ನಿಲ್ಲಬಹುದು.

ಇಲ್ಲೊಂದು ಅಪಾಯ ಹೇಳಲೇಬೇಕು. ಒಂದೇ ಬಣ್ಣ, ಒಂದೇ ಸೀಸೆ ಅಂತ ಹಟ ಹಿಡಿದು, ಮೈಗೆ ಹಚ್ಚುವ ಉಣ್ಣಿಯ ವಿಷವನ್ನೂ ಕುಡಿಸುವ ಜಂತುಹುಳುವಿನ ಔಷಧಿಯನ್ನೂ ಅವಳಿಜವಳಿ ಮಾಡಬೇಡಿ. ಕತ್ತಲಲ್ಲಿ ಕೈ ತಪ್ಪಿದರೆ ಪ್ರಾಣಿಯ ಜೀವ ಹೋಗುತ್ತದೆ. ಗುರುತು ಒಂದೇ ಇರಲಿ, ಮುಚ್ಚಳದ ಬಣ್ಣ, ಸೀಸೆಯ ಆಕಾರ ಬೇರೆ ಇರಲಿ. ಮಕ್ಕಳಿಗೆ ಪಾನೀಯದ ಹಾಗೆ ಕಾಣುವ ಸೀಸೆಯಂತೂ ಬೇಡವೇ ಬೇಡ.

ಹಸುವೇ ಮಾತಾಡುವ ನಗುವಿನ ಜಾಹೀರಾತನ್ನೂ ಇದೇ ಗುಂಪಿಗೆ ಸೇರಿಸುತ್ತೇನೆ. ಪಾತ್ರ ಗಟ್ಟಿಯಾಗಿ, ವರ್ಷಗಟ್ಟಲೆ ಅದೇ ಇದ್ದರೆ ಚೆನ್ನ. ಖನಿಜ ಮಿಶ್ರಣಕ್ಕೆ ಸರಿ. ಸಾವು ತರುವ ರೋಗದ ಲಸಿಕೆಗೆ ನಗು ಹೊಂದುವುದಿಲ್ಲ.

ಚಿತ್ರದ ವಿಷಯದಲ್ಲಿ ಒಂದು ಮಾತು

ಯಾವ ದಾರಿ ಹಿಡಿದರೂ ಚಿತ್ರ ಬೇಕೇ ಬೇಕು. ಹಿಂದೊಮ್ಮೆ ನಾನು ಕೆಲಸ ಮಾಡಿದ ಒಂದು ಔಷಧಿಯ ಜಾಹೀರಾತಿನಲ್ಲಿ, ಒಬ್ಬರು ಹಸುವಿನ ಮೂತಿಯನ್ನು ಮೇಲಕ್ಕೆತ್ತಿ ಔಷಧಿ ಕುಡಿಸುವ ಫೋಟೋ ಇತ್ತು. ನೋಡಲು ಬಲು ಚಂದ. ನಾನೇ ಒಪ್ಪಿಗೆ ಕೊಟ್ಟಿದ್ದೆ. ಅಚ್ಚಾದ ಮೇಲೆ ಒಬ್ಬ ಪಶುವೈದ್ಯರು ಫೋನ್ ಮಾಡಿದರು. ತಲೆಯನ್ನು ಅಷ್ಟು ಎತ್ತಿ ಕುಡಿಸಿದರೆ ಔಷಧಿ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ತಲೆಯನ್ನು ಸುಮಾರು ಮಟ್ಟಸವಾಗಿ ಹಿಡಿಯಬೇಕು ಅಂದರು. ಆ ಹಾಳೆಗಳನ್ನೆಲ್ಲ ವಾಪಸ್ ತರಿಸಿದೆವು. ಅವತ್ತಿನಿಂದ ಇವತ್ತಿನವರೆಗೆ, ಪಶುವೈದ್ಯರೊಬ್ಬರು ನೋಡದ ಚಿತ್ರವನ್ನು ನಾನು ಅಚ್ಚಿಗೆ ಕೊಟ್ಟಿಲ್ಲ. ಚಿತ್ರ ನೋಡಿ ಜನ ಕಲಿಯುತ್ತಾರೆ. ತಪ್ಪು ಚಿತ್ರದಿಂದ ತಪ್ಪನ್ನೇ ಕಲಿಯುತ್ತಾರೆ.

ಸಣ್ಣ ತಪ್ಪುಗಳೂ ಹಾಗೇ. ಹಾಲಿನ ಜಾಹೀರಾತಿನಲ್ಲಿ ಮಾಂಸದ ತಳಿ, ಬತ್ತಿದ ಕೆಚ್ಚಲಿನ ಹಸು. ನಿಮಗೆ ಕಾಣದಿರಬಹುದು. ಸಾಕುವವರ ಕಣ್ಣು ಮೊದಲು ಹೋಗುವುದೇ ಕೆಚ್ಚಲಿಗೆ.

ಹಾಗಾದರೆ ನಿಮಗೆ ಯಾವುದು?

ದುಡ್ಡು ತೀರಾ ಕಡಿಮೆ ಇದ್ದರೆ, ಗಳಿಗೆಯನ್ನು ಆರಿಸಿ, ಒಂದು ಬಣ್ಣ ಒಂದು ಆಕಾರ ಗಟ್ಟಿ ಮಾಡಿ, ಫೋನಿನಲ್ಲಿ ಒಂದು ಅರ್ಧ ನಿಮಿಷದ ಪ್ರಾತ್ಯಕ್ಷಿಕೆ ತೆಗೆಯಿರಿ. ಸೀಸೆಯೇ ನಿಮ್ಮ ಜಾಹೀರಾತು, ಹೇಗಿದ್ದರೂ ಅದನ್ನು ಮಾಡಿಸಲೇಬೇಕಲ್ಲ. ಬೇರೆಯದಕ್ಕೆಲ್ಲ ಆಸೆ ಪಡಬೇಡಿ.

ಮಧ್ಯಮ ಬಜೆಟ್ಟಿದ್ದರೆ ಅದಕ್ಕೆ ಉಪಯೋಗದ ವಸ್ತುವೊಂದನ್ನು ಸೇರಿಸಿ. ಎಲ್ಲರಿಗೂ ಅಲ್ಲ, ಉಳಿದವರು ಸಲಹೆ ಕೇಳುವಂಥ ಕೆಲವರಿಗೆ. ಹಾಲಿನ ಲೆಕ್ಕ ಇಡುವ ಗಿರಾಕಿಗಳಿದ್ದರೆ ಖಾಲಿ ಚೌಕದ ಹಾಳೆಯನ್ನೂ ಕೊಡಿ. ದೊಡ್ಡ ಬಜೆಟ್ಟಿನವರು ಒಂದೇ ಕೊಟ್ಟಿಗೆಯ ವರ್ಷಗಳ ಕಥೆ, ರೇಡಿಯೋದ ಸದ್ದು, ಪಾತ್ರ ಇವುಗಳಿಗೆ ಕೈ ಹಾಕಬಹುದು. ಆದರೆ ಐದು ವರ್ಷ ಅದೇ ರೂಪದಲ್ಲಿ ಮುಂದುವರಿಸುವ ಮನಸ್ಸಿದ್ದರೆ ಮಾತ್ರ. ಎರಡನೇ ವರ್ಷಕ್ಕೇ ಬೇಸರ ಬರುವುದು ನಿಮಗೆ, ನೋಡುವವರಿಗಲ್ಲ. ಅವರು ಅದನ್ನು ಆಗಷ್ಟೇ ಗುರುತಿಸಲು ಶುರು ಮಾಡಿರುತ್ತಾರೆ.

ಉತ್ಪನ್ನದ ಕಡೆಯಿಂದ ನೋಡಿದರೆ: ಚೀಟಿ ಬೇಕಾದ ಔಷಧಿಗೆ ವೈದ್ಯರ ದಾರಿ, ಅದೂ ಪ್ರಾಮಾಣಿಕ ಮಿತಿಗಳ ಜೊತೆ. ಲಸಿಕೆಗೆ ತಾರೀಕೇ ಗಳಿಗೆ, ಹಾಗಾಗಿ ದಿನದರ್ಶಿ, ನೆನಪಿನ ಸಂದೇಶ ಇಂಥವು. ಕಾಣುವ ಫಲ ಕೊಡುವ ಉಣ್ಣಿಯ ಔಷಧಿಗೆ ಪ್ರಾತ್ಯಕ್ಷಿಕೆ, ಸಾಕುವವರ ಮಾತು. ನಿಧಾನವಾಗಿ ಫಲ ಕೊಡುವ ಖನಿಜ ಮಿಶ್ರಣಕ್ಕೆ ಲೆಕ್ಕ ಮತ್ತು ಗುರುತು. ಎರಡು ದಾರಿ ಸರಿಸಮ ಅನ್ನಿಸಿದರೆ, ಹೆಚ್ಚು ವರ್ಷ ಬದಲಿಸದೆ ಓಡಿಸಬಹುದಾದ್ದನ್ನು ಹಿಡಿಯಿರಿ.

ಅಚ್ಚಿಗೆ ಕೊಡುವ ಮೊದಲು ಆ ಮೇಜಿನ ಆಟವನ್ನು ಇನ್ನೊಮ್ಮೆ ಆಡಿ. ಈ ಸಲ ಮೇಜು ಬೇಡ, ಕೊಟ್ಟಿಗೆಗೇ ಹೋಗಿ. ಹತ್ತು ಜನಕ್ಕೆ ಐದೈದು ಸೆಕೆಂಡ್ ತೋರಿಸಿ ಬನ್ನಿ. ವಿವರಣೆ ಕೊಡಬೇಡಿ. ಒಂದು ವಾರ ಬಿಟ್ಟು ಮತ್ತೆ ಹೋಗಿ, ಏನು ನೆನಪಿದೆ ಅಂತ ಕೇಳಿ, ಅವರು ಹೇಳಿದ ಪದಗಳನ್ನು ಹಾಗೆಹಾಗೇ ಬರೆದುಕೊಳ್ಳಿ. ಚಿತ್ರವೂ ಹೆಸರೂ ಎರಡೂ ಹೇಳಿದರೆ ಮುಂದುವರಿಯಿರಿ. ಏನೂ ನೆನಪಿಲ್ಲ ಅಂದರೆ ಗಳಿಗೆ ಆರಿಸುವಲ್ಲಿ ಎಡವಿದ್ದೀರಿ, ಅಲ್ಲಿಂದ ಮತ್ತೆ ಶುರು ಮಾಡಿ. ಚಿತ್ರ ನೆನಪಿಟ್ಟುಕೊಂಡು ಹೆಸರು ಮಾತ್ರ ಬೇರೆಯವರದ್ದು ಹೇಳಿದರೆ, ಅವತ್ತೇ ಫೋನ್ ಮಾಡಿ ಅಚ್ಚು ನಿಲ್ಲಿಸಿ.